ರೇಡಿಯೋದಲ್ಲಿ ಬಾರದ ಹೆಸರು

ಅಲ್ ಥುಮಾಮಾ, ದೋಹಾ
೨೧ ಡಿಸೆಂಬರ್ ೧೯೯೦, ಶುಕ್ರವಾರ

ಪ್ರೀತಿಯ ಕಾಕನಿಗೆ, ಒಡಹುಟ್ಟಿದ ತಂಗಿ ನಫೀಸಾಳ ಸಲಾಂ.

ಇಲ್ಲಿ ನಾನು, ಇವರು, ಮಗ ಝುಬೈರ್ ಮೂವರೂ ಅಲ್ಲಾಹನ ದಯೆಯಿಂದ ಉಸಿರಾಡಿಕೊಂಡಿದ್ದೇವೆ. ಉಸಿರಾಡಲಿಕ್ಕೂ ಈಗ ತಯಾರಿ ಬೇಕಂತೆ. ಇರಾಕಿನವರು ವಿಷದ ಗಾಳಿ ಬಿಟ್ಟರೆ ಒಳಗೆ ಬಾರದ ಹಾಗೆ ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಬೇಕೆಂದು ಕೇರಿಯವರ ಮಾತು. ಇವರು ಅಂಗಡಿಯಿಂದ ಒಂದು ಚೀಲ ಟೇಪು ತಂದು ಅಡುಗೆಮನೆಯ ಕಿಟಕಿಗೂ ಅಂಟಿಸಿಬಿಟ್ಟರು. ಬಂಗುಡೆ ಹುರಿದ ಹೊಗೆ ಒಳಗೇ ಸುತ್ತಿ ಇಬ್ಬರಿಗೂ ಕೆಮ್ಮು. "ಸದ್ದಾಮನ ಗ್ಯಾಸು ಬರುವ ಮೊದಲು ನಿಮ್ಮ ಬಂಗುಡೆ ಗ್ಯಾಸಿನಲ್ಲೇ ಸಾಯುವುದು ನಾವು" ಎಂದು ಹೇಳಿ ನಾನೇ ಕಿತ್ತು ಹಾಕಿದೆ.

ವಿಮಾನ ನಿಲ್ದಾಣ ಹತ್ತಿರ. ಪರದೇಶದ ಯುದ್ಧವಿಮಾನಗಳು ಮನೆಯ ಮಾಡು ಸವರಿದ ಹಾಗೆ ಹೋಗುತ್ತವೆ. ನಮಾಝಿಗೆ ನಿಂತರೆ ನನ್ನ ಓದು ನನಗೇ ಕೇಳುವುದಿಲ್ಲ. ಅಲ್ಲಾಹನಿಗೆ ಕೇಳಿದರೆ ಸಾಕು.

ಬೀಫಾತುವನ್ನು ನೆನೆಸಿಕೊಂಡರೆ ಅನ್ನ ಇಳಿಯುವುದಿಲ್ಲ. ಕುವೈತಿನಲ್ಲಿ ಗಂಡ ಹೆಂಡತಿ ಬೆವರು ಸುರಿಸಿ ಮಾಡಿದ ಹೊಲಿಗೆ ಅಂಗಡಿ ಹೋಯಿತು. ಓಡಿ ಬರುವ ದಾರಿಯಲ್ಲಿ ಮುಸ್ತಫಾನೂ ಹೋದ. ನಮ್ಮ ಮೂವರಲ್ಲಿ ಚಿಕ್ಕವಳು, ಅವಳಿಗೆ ವಿಧವೆಯಾಗಿ ನಾಲ್ಕು ತಿಂಗಳು ಮನೆಯೊಳಗೆ ಇದ್ದತ್ ಕೂರುವ ಗತಿ ಬಂತು. ನಿಮ್ಮ ಮನೆ ಉಂಟಲ್ಲ, ಅದೊಂದೇ ಸಮಾಧಾನ.

ಈಗ ಮುಖ್ಯ ಮಾತು. ಅಸೀಫಾಗೆ ದಿನ ತುಂಬುತ್ತಾ ಬಂತು. ಅವಳು ನಿಮಗೆ ಮಗಳು, ನನಗೆ ಸೊಸೆ. ಹುಟ್ಟುವ ಮಗು ನಿಮಗೆಷ್ಟು ಮೊಮ್ಮಗುವೋ ನನಗೂ ಅಷ್ಟೇ. ಆದರೆ ಬಾಪ ಹೋದ ಮೇಲೆ ಮನೆಗೆ ಹಿರಿಯರು ನೀವು. ಹುಟ್ಟಿದ ಏಳರಂದು ಕೂದಲು ತೆಗೆದು ಆಡು ಕೊಯ್ಯುವಾಗ ಹೆಸರು ನೀವೇ ಕರೆಯಿರಿ. ಇಲ್ಲಿಂದ ಕಾಗದ ಬಂದು ತಲುಪುವವರೆಗೆ ಮಗು ಹೆಸರಿಲ್ಲದೆ ಇರಬಾರದು. ಝುಬೈರನೂ ಒಪ್ಪಿದ್ದಾನೆ. ಒಳ್ಳೆಯ ಹೆಸರಿಡಿ, ನನ್ನ ಒಪ್ಪಿಗೆ ಉಂಟು.

ಬೀಫಾತುವಿಗೆ ಸಲಾಂ ತಿಳಿಸಿ.

ನಿಮ್ಮ ತಂಗಿ
ನಫೀಸಾ


ಸಜಿಪ
೨೮ ಜನವರಿ ೧೯೯೧

ತಂಗಿ ನಫೀಸಾಳಿಗೆ ಮೊಯ್ದಿನ್ ಕುಂಞಿಯ ಸಲಾಂ.

ತಂತಿ ಸಿಕ್ಕಿರಬೇಕು. ಹುಡುಗ! ತಾಯಿ ಮಗು ಕ್ಷೇಮ. ಬಣ್ಣ ನಿನ್ನದು, ಮೂಗು ನನ್ನದು, ಕೂಗು ಮಾತ್ರ ಯಾರದೂ ಅಲ್ಲ, ಅಂಥಾ ಗಂಟಲು ನಮ್ಮ ವಂಶದಲ್ಲೇ ಇರಲಿಲ್ಲ.

ಹುಟ್ಟಿದ ಮರುದಿನವೇ ಅಮೆರಿಕದವರು ಬಾಂಬು ಹಾಕಲು ಸುರು ಮಾಡಿದರು. ಈಗ ನನ್ನ ಹೋಟೆಲಿಗೆ ಚಹಾಕ್ಕೆ ಬರುವವರು ಕಡಿಮೆ, ರೇಡಿಯೋಗೆ ಬರುವವರು ಜಾಸ್ತಿ. ಬಿಬಿಸಿ ಹೇಳುವಾಗ ಗ್ಲಾಸು ಇಟ್ಟ ಸದ್ದು ಮಾಡಿದರೂ ಬೈಗುಳ. ನಮ್ಮ ಹುಡುಗರು ಆ ಇರಾಕಿನವನ ಫೋಟೋ ತಂದು ಗಲ್ಲಾದ ಮೇಲೆ ಅಂಟಿಸಿದ್ದಾರೆ. ಇಡೀ ಲೋಕ ಒಂದು ಕಡೆ, ಇವನೊಬ್ಬ ಒಂದು ಕಡೆ. ಮೂವತ್ತು ದೇಶ ಸೇರಿ ಹೊಡೆದರೂ ಬಗ್ಗುವುದಿಲ್ಲ ಅಂತಾನೆ. ಕೇಳಿದರೆ ಮುದುಕನಾದ ನನಗೂ ಎದೆ ಉಬ್ಬುತ್ತದೆ.

ಅದಕ್ಕೇ ಏಳರಂದು ನಾನು ಹೆಚ್ಚು ಯೋಚಿಸಲಿಲ್ಲ. ಮಸೀದಿಯ ಖತೀಬರು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಬಲಕಿವಿಯಲ್ಲಿ ಬಾಂಗ್, ಎಡಕಿವಿಯಲ್ಲಿ ಇಕಾಮತ್ ಕೊಟ್ಟು, "ಹೆಸರು ಹೇಳಿ" ಎಂದರು. "ಸದ್ದಾಂ ಹುಸೈನ್" ಎಂದೆ. ಅವರು ಕನ್ನಡಕ ಕೆಳಗೆ ಮಾಡಿ ನೋಡಿದರು. "ಮೊಯ್ದಿನ್ ಕುಂಞಿ, ಯೋಚನೆ ಮಾಡಿ ಹೇಳಿದ್ದಾ?" "ಮಾಡಿಯೇ ಹೇಳಿದ್ದು. ನೀವು ಕರೆಯಿರಿ" ಎಂದೆ. ಕರೆದರು. ಮಗು ಕಾಲು ಝಾಡಿಸಿ ಅವರ ಗಡ್ಡಕ್ಕೆ ಒದೆಯಿತು. ಅಂಗಳದಲ್ಲಿದ್ದವರೆಲ್ಲ "ಬಿಟ್ಟ ನೋಡಿ ಸ್ಕಡ್ ಮಿಸೈಲು!" ಎಂದು ನಕ್ಕದ್ದು ಹೊಳೆಯ ಆಚೆಗೂ ಕೇಳಿರಬೇಕು. ಆಡಿನ ಮಾಂಸ ಮುಸ್ಲಿಮರ ಮನೆಗೆಲ್ಲ ಹೋಯಿತು. ಆಚೆ ಮನೆಯ ಭೈರಪ್ಪನವರಿಗೆ ಬಾಳೆಹಣ್ಣು, ಸಕ್ಕರೆ ಕಳಿಸಿದೆ.

ಬೀಫಾತುವಿನ ಇದ್ದತ್ ಮುಗಿಯಿತು. "ನಿನ್ನ ಗಂಡನ ಸಾವಿಗೆ ಜವಾಬು ಕೇಳುವವನು ಮನೆಯಲ್ಲೇ ಹುಟ್ಟಿದ್ದಾನೆ" ಎಂದೆ. ತಲೆ ತಗ್ಗಿಸಿ ತೊಟ್ಟಿಲು ತೂಗಿದಳು. ಸಮಾಧಾನವಾಗಿರಬೇಕು.

ನೀನು ಮಾತು ಕೊಟ್ಟ ಪ್ರಕಾರ ನಡೆಸಿದ್ದೇನೆ. ದುವಾ ಮಾಡು.

ಇತಿ ನಿನ್ನ ಕಾಕ
ಮೊಯ್ದಿನ್ ಕುಂಞಿ


ಅಲ್ ಥುಮಾಮಾ, ದೋಹಾ
೧೧ ಫೆಬ್ರವರಿ ೧೯೯೧

ಕಾಕನಿಗೆ ನಫೀಸಾಳ ಸಲಾಂ.

ಕಾಗದ ಓದಿ ಮೊದಲು ನಗು ಬಂತು. ತಮಾಷೆಗೆ ಬರೆದಿರಬೇಕು ಎಂದುಕೊಂಡೆ. ಇವರು ನನ್ನ ಕೈಯಿಂದ ತೆಗೆದುಕೊಂಡು ಓದಿ, ಎದ್ದು ಬಾಗಿಲಿನ ಚಿಲಕ ಹಾಕಿ ಬಂದರು. ಆಗ ತಿಳಿಯಿತು, ತಮಾಷೆಯಲ್ಲ.

ನೀವು ಹೆಸರು ಕರೆದದ್ದು ಸಜಿಪದಲ್ಲಿ. ಮಗು ಬೆಳೆಯಬೇಕಾದದ್ದು ಇಲ್ಲಿ. ಅಸೀಫಾಳ ಪಾಸ್‌ಪೋರ್ಟಿನಲ್ಲಿ ಮಗುವಿನ ಹೆಸರು ಸೇರಿಸಬೇಕು. ಅದನ್ನು ಹಿಡಿದು ಇಲ್ಲಿಯ ವೀಸಾ ಆಫೀಸಿನ ಕಿಂಡಿಯ ಮುಂದೆ ನಿಲ್ಲುವವನು ನೀವಲ್ಲ, ನನ್ನ ಮಗ. ಮೆಸಯೀದ್‌ನ ಕಾರ್ಖಾನೆಯ ಗೇಟಿನಲ್ಲಿ ಈಗ ಅವನ ಊಟದ ಡಬ್ಬಿಯನ್ನೂ ಬಿಚ್ಚಿಸಿ ನೋಡುತ್ತಾರೆ. ಅಂಥವನು ಕಿಂಡಿಯೊಳಗೆ ಬಗ್ಗಿ, "ನನ್ನ ಮಗ ಸದ್ದಾಂ ಹುಸೈನ್, ಅವನನ್ನು ನಿಮ್ಮ ದೇಶಕ್ಕೆ ಬಿಡಿ" ಎಂದು ಕೇಳಬೇಕೇ? ನಿಮ್ಮ ಹೆಸರಿನಿಂದಾಗಿ ನನ್ನ ಮಗ ಒಂದು ಕಡೆ, ಅವನ ಹೆಂಡತಿ ಮಗು ಇನ್ನೊಂದು ಕಡೆ ಉಳಿಯುವ ಹಾಗಾದರೆ ನಾನು ಯಾರ ಹತ್ತಿರ ಹೇಳಲಿ? ಝುಬೈರ್ ಬಾಯಿ ಬಿಡುವುದಿಲ್ಲ. ಮಾವನ ಮಾತಿಗೆ ಎದುರಾಡುವುದು ಹೇಗೆ ಎಂದು ಅನ್ನ ಕಲಸುತ್ತಾ ಕೂತಿರುತ್ತಾನೆ.

ಅಷ್ಟೇ ಅಲ್ಲ. ಪಕ್ಕದ ಮನೆಯ ಕತರಿ ಹೆಂಗಸು ಉಮ್ಮು ರಾಶಿದ್. ಅವರ ಮಗ ರಾಶಿದ್ ಸೈನ್ಯದಲ್ಲಿದ್ದಾನೆ. ಖಫ್ಜಿ ಎಂಬ ಗಡಿಯೂರಿಗೆ ಇರಾಕಿನವರು ನುಗ್ಗಿದಾಗ ಇಲ್ಲಿಯ ಹುಡುಗರೂ ಹೋಗಿ ಹೋರಾಡಿದರು. ರಾಶಿದ್ ಕಾಲಿಗೆ ಗುಂಡು ತಿಂದು ಬಂದಿದ್ದಾನೆ. ನಾನು ಕೋಳಿಸಾರು, ಪತ್ತಿರಿ ತೆಗೆದುಕೊಂಡು ಹೋಗಿದ್ದೆ. ಅಷ್ಟು ಸಂಕಟದಲ್ಲೂ ಆ ಹೆಂಗಸು, "ಮೊಮ್ಮಗ ಹುಟ್ಟಿದನಂತೆ, ಮಬ್ರೂಕ್! ಹೆಸರೇನು?" ಎಂದು ಕೇಳಿದರು. "ಇನ್ನೂ ಇಟ್ಟಿಲ್ಲ" ಎಂದೆ. ಐದು ವಕ್ತ್ ನಮಾಝ್ ಮಾಡುವ ನಾಲಗೆಯಿಂದ ಸುಳ್ಳು ಹೇಳಿಸಿದಿರಿ ನೀವು.

ಅಮೆರಿಕದವರು ಬಂದದ್ದು ನನಗೆ ಖುಷಿ ಎಂದು ತಿಳಿಯಬೇಡಿ. ನಮ್ಮ ಬಾಗಿಲು ಕಾಯಲು ದೂರದವರನ್ನು ಕರೆಯುವ ಗತಿ ಬಂತಲ್ಲಾ ಎಂದು ಹಣೆ ನೆಲಕ್ಕಿಟ್ಟು ಸುಜೂದಿನಲ್ಲಿ ಅತ್ತಿದ್ದೇನೆ. ಅವರು ಎಣ್ಣೆಯ ವಾಸನೆಗೆ ಬಂದವರು, ನಮ್ಮ ಕಣ್ಣೀರಿಗೆ ಬಂದವರಲ್ಲ. ಆದರೆ ಬಾಗಿಲು ಒಡೆದವನು ಯಾರು ಕಾಕ? ಕಳ್ಳ ಬಿಸ್ಮಿಲ್ಲಾ ಹೇಳಿ ಕನ್ನ ಹಾಕಿದರೂ ಅದು ಕನ್ನವೇ.

ನಾನು ಕೊಟ್ಟ ಮಾತು ಹಿಂದೆ ತೆಗೆಯುವುದಿಲ್ಲ. "ಒಳ್ಳೆಯ ಹೆಸರಿಡಿ" ಎಂದು ಬರೆದಿದ್ದೆ. ಆ ಮಾತಿನ ಅರ್ಧ ನೀವಿನ್ನೂ ನಡೆಸಿಲ್ಲ. ಪ್ರವಾದಿಯವರೇ ಚಂದವಿಲ್ಲದ ಹೆಸರುಗಳನ್ನು ಬದಲಿಸಿದ್ದರು. ನಿಮಗೇನು ಅಡ್ಡಿ?

ಬೀಫಾತುವಿಗೆ ಸಲಾಂ ತಿಳಿಸಿ.

ನಫೀಸಾ


ಸಜಿಪ
೨೪ ಫೆಬ್ರವರಿ ೧೯೯೧

ನಫೀಸಾ,

ನಿನ್ನ ಕಾಗದವನ್ನು ಯಾವಾಗಲೂ ಹೋಟೆಲಿನಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ ಓದುವುದು ನನ್ನ ಅಭ್ಯಾಸ. ಈ ಸಲ ಅರ್ಧಕ್ಕೆ ನಿಲ್ಲಿಸಿ ಕಿಸೆಗೆ ಹಾಕಬೇಕಾಯಿತು.

ಗಲ್ಫಿನ ಖುಬ್ಬೂಸ್ ರೊಟ್ಟಿ ತಿಂದವರ ನಾಲಗೆ ಹೀಗೆಯೇ ಹೊರಳುತ್ತದೆ ಎಂದು ಜನ ಹೇಳುತ್ತಿದ್ದರು. ನನ್ನ ತಂಗಿ ಹಾಗಲ್ಲ ಎಂದು ಜಗಳ ಆಡಿದ್ದೆ.

ನಿನಗೆ ಇಲ್ಲಿಯದು ಏನು ಗೊತ್ತು? ಮಸೀದಿಯ ಜಾಗದಲ್ಲಿ ಮಂದಿರ ಕಟ್ಟುವ ಇಟ್ಟಿಗೆಯ ಮೆರವಣಿಗೆ ಪೇಟೆಯಲ್ಲಿ ಹೋದ ದಿನ ನಾನು ಹೋಟೆಲಿನ ಹಲಗೆ ಹಾಕಿ ಒಳಗೆ ಕತ್ತಲಲ್ಲಿ ಕೂತಿದ್ದೆ. ಈ ವಯಸ್ಸಿನಲ್ಲಿ, ನನ್ನದೇ ಹೋಟೆಲಿನಲ್ಲಿ. ಹಲಗೆಯ ಸಂದಿಯಿಂದ ನೋಡಿದರೆ ದಿನಾ ಚಹಾಕ್ಕೆ ಬರುವವರೂ ಅದರಲ್ಲಿದ್ದರು. ಮರುದಿನ ಬಂದರು. ನಾನು ಚಹಾ ಕೊಟ್ಟೆ, ಅವರು ಕುಡಿದರು. ಸಕ್ಕರೆ ಸಾಕಾ ಎಂದು ಕೇಳಿದೆ. ಬೇರೆ ಏನು ಕೇಳಲಿ? ಅಂದಿನಿಂದ ಬಗ್ಗಿದ ಬೆನ್ನು ನನ್ನದು. ರೇಡಿಯೋದಲ್ಲಿ ಒಬ್ಬ ನೆಟ್ಟಗೆ ನಿಂತ ಎಂದು ಕೇಳಿದಾಗ ಆ ಬೆನ್ನು ಸ್ವಲ್ಪ ನೆಟ್ಟಗಾಯಿತು. ಅಷ್ಟೂ ನಿನ್ನ ಕಣ್ಣಿಗೆ ಹೆಚ್ಚಾಯಿತಾ?

ಬಾಗಿಲು ಒಡೆದವನು ಯಾರು ಅಂತ ಕೇಳುತ್ತೀಯಲ್ಲ, ಮುಸ್ತಫಾನನ್ನು ಕೊಂದದ್ದು ಯಾರು ಅಂತ ನಾನು ಕೇಳುತ್ತೇನೆ. ಸಕ್ಕರೆ ಕಾಯಿಲೆಯವನಿಗೆ ಇಂಜೆಕ್ಷನ್ ಸಿಗದೆ ಸತ್ತ. ಇರಾಕಿಗೆ ಏನೂ ಹೋಗದ ಹಾಗೆ ದಾರಿ ಮುಚ್ಚಿದವರು ಅಮೆರಿಕದವರು. ಲೆಕ್ಕ ನೀನೇ ಹಾಕು.

ಮಗು ಹುಟ್ಟಿದ್ದನ್ನು ಪಂಚಾಯತ್ ಆಫೀಸಿನಲ್ಲಿ ಇನ್ನೂ ಬರೆಸಿಲ್ಲ. ಬರೆಸುವಾಗ ನಾನು ಕರೆದ ಹೆಸರನ್ನೇ ಬರೆಸುವುದು. ಖಲಾಸ್! ನಿಮ್ಮ ಅರಬಿಯಲ್ಲೇ ಹೇಳಿದ್ದೇನೆ.

ಮೊಯ್ದಿನ್ ಕುಂಞಿ


ಸಜಿಪ
೮ ಮಾರ್ಚ್ ೧೯೯೧

ಪ್ರೀತಿಯ ಮಾಮಿಗೆ ನಿಮ್ಮ ಅಸೀಫಾಳ ಸಲಾಂ.

ಬಾಪ ಪಾಣೆಮಂಗಳೂರಿಗೆ ಹೋಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಕಾಗದವನ್ನು ನಾನು ಓದಿಲ್ಲ, ಆದರೆ ಬಾಪ ಅದನ್ನು ಕಿಸೆಯಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಾರೆ. ಶರ್ಟು ಒಗೆಯಲು ಹಾಕುವಾಗ ತೆಗೆಯುತ್ತಾರೆ, ಮತ್ತೆ ಇಡುತ್ತಾರೆ.

ಯುದ್ಧ ಮುಗಿಯಿತಲ್ಲ ಮಾಮಿ. ಹೋಟೆಲಿನ ಹುಡುಗರು ಫೋಟೋ ಯಾವಾಗ ಕಿತ್ತರೋ ಯಾರಿಗೂ ಗೊತ್ತಿಲ್ಲ, ಗೋಡೆಯಲ್ಲಿ ಅಂಟಿನ ಗುರುತು ಮಾತ್ರ ಉಂಟು. ಬಾಪ ರೇಡಿಯೋ ಹಾಕುವುದೇ ಇಲ್ಲ. ಇನ್ನಾದರೂ ಹೆಸರು ಬದಲಿಸುತ್ತಾರೆ ಎಂದು ನಾನು ಎಣಿಸಿದ್ದೆ. ಅಮ್ಮ ಮೆಲ್ಲ ಕೇಳಿದರು. "ಗೆಲ್ಲುವಾಗ ಇಟ್ಟು ಸೋತಾಗ ತೆಗೆಯುವುದಾ? ಅಂಗಡಿಯ ಬೋರ್ಡಾ ಅದು?" ಎಂದು ಬಾಪ ಸಿಟ್ಟಾದರು. ಈಗ ಮೊದಲಿಗಿಂತ ಗಟ್ಟಿ ಹಿಡಿದಿದ್ದಾರೆ. ರಂಜಾನ್ ನೋಂಬು ಕಳೆದು ಪೆರ್ನಾಳ್ ಹಬ್ಬ ಆದ ಮೇಲೆ ಪಂಚಾಯತ್ ಆಫೀಸಿಗೆ ಹೋಗುತ್ತಾರಂತೆ.

ಇನ್ನೊಂದು ಹೇಳಬೇಕು. ಹೇಳಬಹುದಾ ಗೊತ್ತಿಲ್ಲ. ಬೀಫಾತು ಮಾಮಿ ಮಗುವಿಗೆ ಎಣ್ಣೆ ಹಚ್ಚುತ್ತಾರೆ, ಮೀಯಿಸುತ್ತಾರೆ, ತೊಟ್ಟಿಲು ತೂಗುತ್ತಾರೆ. ಎಲ್ಲ ಮಾಡುತ್ತಾರೆ. ಹೆಸರು ಹಿಡಿದು ಒಮ್ಮೆಯೂ ಕರೆದಿಲ್ಲ. ಯಾರಾದರೂ ಆ ಹೆಸರಿನಿಂದ ಮಗುವನ್ನು ಕರೆದರೆ, ಕೈಯಲ್ಲಿದ್ದ ಮಗುವನ್ನು ನನಗೆ ಕೊಟ್ಟು ಒಳಗೆ ಹೋಗುತ್ತಾರೆ. ಮೊನ್ನೆ ಕೆಲಸ ಏನೂ ಇಲ್ಲದೆ ಬಚ್ಚಲಲ್ಲಿ ಸುಮ್ಮನೆ ನಿಂತಿದ್ದರು. "ಏನು ಮಾಮೀ?" ಎಂದೆ. "ಏನಿಲ್ಲ ಮೋಳೇ, ನೀರು ನೋಡುತ್ತಿದ್ದೆ" ಎಂದರು.

ನಾನೂ ಈಗ ಮಗುವನ್ನು ಹೆಸರು ಬಿಟ್ಟು ಬರೀ "ಮೋನೇ" ಎಂದೇ ಕರೆಯುವುದು. ಅವನ ಬಾಪನಿಗೆ ಸಲಾಂ ಹೇಳಿ. ಮಗು ನಗಲು ಕಲಿತಿದೆ.

ಅಸೀಫಾ


ಅಲ್ ಥುಮಾಮಾ, ದೋಹಾ
೨೨ ಮಾರ್ಚ್ ೧೯೯೧, ಶುಕ್ರವಾರ

ಪ್ರೀತಿಯ ಕಾಕನಿಗೆ, ನಫೀಸಾಳ ಸಲಾಂ. ನೋಂಬು ಸುರುವಾಗಿದೆ. ಈ ತಿಂಗಳಲ್ಲಿ ಜಗಳ ಬೇಡ ಎಂದು ನಿಯ್ಯತ್ ಮಾಡಿ ಬರೆಯುತ್ತಿದ್ದೇನೆ.

ಕುವೈತಿನಲ್ಲಿ ಎಣ್ಣೆಬಾವಿಗಳು ಉರಿಯುತ್ತಿವೆಯಲ್ಲ, ಅದರ ಹೊಗೆ ಗಾಳಿ ತಿರುಗಿದಾಗ ಇಲ್ಲಿಗೂ ಬರುತ್ತದೆ. ಇವರ ಬಿಳಿ ಜುಬ್ಬಾ ಒಣಹಾಕಿದರೆ ಮಸಿ ಕೂತಿರುತ್ತದೆ. ಉಜ್ಜಿದಷ್ಟೂ ಹರಡುತ್ತದೆ. ಬೆಂಕಿ ಹಚ್ಚಿದವನು ನಿಮ್ಮವನು, ಅವನನ್ನು ಮೊದಲು ಸಾಕಿ ದೊಡ್ಡವನನ್ನಾಗಿ ಮಾಡಿದವರು ಆ ಬಿಳಿಯರು ಎಂದು ಇವರು ಹೇಳುತ್ತಾರೆ. ಒಗೆಯುವವಳು ನಾನು.

ನೀವು ಕತ್ತಲಲ್ಲಿ ಕೂತದ್ದನ್ನು ಓದಿದೆ. ಅದನ್ನು ಆಗಲೇ ಯಾಕೆ ಬರೆಯಲಿಲ್ಲ ಕಾಕ? ಊರಲ್ಲಿ ಎಲ್ಲ ಸೌಖ್ಯ, ಮಳೆ ಒಳ್ಳೆಯದು ಎಂದು ಬರೆದಿದ್ದಿರಿ. ನಿಮ್ಮ ಬೆನ್ನು ಬಗ್ಗಿದ್ದು ಗೊತ್ತಿದ್ದರೆ ಆ ಕಾಗದ ಅಷ್ಟು ಚುರುಕಾಗಿ ಬರೆಯುತ್ತಿರಲಿಲ್ಲ. ಬರೆಯುತ್ತಿದ್ದೆ, ಸ್ವಲ್ಪ ಉಪ್ಪು ಕಡಿಮೆ ಹಾಕಿ.

ಈಗ ಕೇಳಿ. ಮುಸ್ತಫಾನನ್ನು ಕೊಂದದ್ದು ಅಮೆರಿಕ ಎಂದು ನೀವು, ಸದ್ದಾಂ ಎಂದು ನಾನು. ಸಜಿಪದಿಂದ ದೋಹಾಕ್ಕೆ, ದೋಹಾದಿಂದ ಸಜಿಪಕ್ಕೆ ನಾವಿಬ್ಬರೂ ಆ ಸತ್ತವನನ್ನು ಎಳೆದಾಡಿದೆವು. ಆ ದಾರಿಯಲ್ಲಿ ಅವನ ಪಕ್ಕದಲ್ಲಿ ಕೂತಿದ್ದವಳು ನಿಮ್ಮ ಮನೆಯ ಒಳಕೋಣೆಯಲ್ಲಿದ್ದಾಳೆ. ನೀವು ಕೇಳಿದಿರಾ? ಇದ್ದತ್‌ನಲ್ಲಿರುವವಳನ್ನು ಕೆದಕಬಾರದು ಎಂದು ಸುಮ್ಮನಾದಿರಿ. ಇದ್ದತ್ ಮುಗಿದ ಮೇಲೆ? ನಾನಾದರೂ ಕೇಳಿದೆನಾ? ಪ್ರತಿ ಕಾಗದದ ಕೊನೆಗೆ ಅವಳಿಗೊಂದು ಸಲಾಂ ಅಂಟಿಸಿದೆ, ಅಂಚೆಚೀಟಿಯ ಹಾಗೆ.

ಅದಕ್ಕೆ ಹೀಗೆ ಮಾಡುವ. ಹೆಸರಿಡುವ ಹಕ್ಕು ನಾನು ನಿಮಗೆ ಕೊಟ್ಟಿದ್ದೆ. ನೀವದನ್ನು ಬೀಫಾತುವಿಗೆ ಕೊಡಿ. ಮಗುವನ್ನು ಅವಳ ಮಡಿಲಿಗೆ ಹಾಕಿ, "ನೀನು ಕರೆದದ್ದೇ ಹೆಸರು" ಎನ್ನಿ. ಅವಳು ತನ್ನ ಬಾಯಿಂದ ಸದ್ದಾಂ ಎಂದರೆ, ಅಲ್ಲಾಹನಾಣೆ, ನಾನೇ ಝುಬೈರ್‌ನ ಜೊತೆ ವೀಸಾ ಕಿಂಡಿಗೆ ಹೋಗಿ ಆ ಹೆಸರನ್ನು ಗಟ್ಟಿಯಾಗಿ ಓದುತ್ತೇನೆ. ಬಿಟ್ಟರೆ ಬಿಡಲಿ, ಹಿಂದೆ ಕಳಿಸಿದರೆ ಕಳಿಸಲಿ. ಅವಳು ಬೇರೆ ಹೇಳಿದರೆ ನೀವೂ ಮರುಮಾತಾಡಬಾರದು.

ಒಪ್ಪಿಗೆಯಾ? ಹೆದರಿಕೆಯಾದರೆ ಬೇಡ.

ನಿಮ್ಮ ತಂಗಿ
ನಫೀಸಾ


ಸಜಿಪ
೧೯ ಏಪ್ರಿಲ್ ೧೯೯೧

ತಂಗಿ ನಫೀಸಾಳಿಗೆ ಕಾಕನ ಪೆರ್ನಾಳ್ ಸಲಾಂ.

"ಹೆದರಿಕೆಯಾದರೆ ಬೇಡ" ಎಂದು ಬರೆದವಳು ನೀನು. ನನ್ನ ಹುಟ್ಟು ಗುಣ ಗೊತ್ತಿದ್ದೇ ಬರೆದದ್ದು. ಇರಲಿ.

ಪೆರ್ನಾಳ್ ನಮಾಝ್ ಮುಗಿಸಿ ಬಂದು ಖತೀಬರನ್ನೂ ಊಟಕ್ಕೆ ಕರೆದಿದ್ದೆ. ಊಟ ಆಯಿತು. ಬೀಫಾತು ಬಾಗಿಲಿನ ಪರದೆಯ ಆಚೆ ಕೂತಿದ್ದಳು. ಅಸೀಫಾ ಮಗುವನ್ನು ಅವಳ ಮಡಿಲಿಗೆ ಹಾಕಿದಳು. ನಾನು ನೀನು ಬರೆದ ಹಾಗೆಯೇ ಹೇಳಿದೆ. ನಿಜ ಹೇಳಬೇಕಾದರೆ, ಅವಳು ತಲೆ ತಗ್ಗಿಸಿ "ಕಾಕ ಇಟ್ಟದ್ದೇ ಇರಲಿ" ಎನ್ನುತ್ತಾಳೆ ಎಂದು ನನಗೆ ಧೈರ್ಯವಿತ್ತು. ಯಾವತ್ತು ಅವಳು ನನಗೆ ಎದುರಾಡಿದ್ದು?

ಪರದೆಯ ಆಚೆ ಮಗು ಕೇಕೆ ಹಾಕಿದ್ದು ಕೇಳಿತು. ಮತ್ತೆ, "ಜಾಸಿಮ್" ಎಂದಳು.

"ಅದು ಯಾರು?" ಎಂದೆ. ನಮ್ಮ ಕುಟುಂಬದಲ್ಲಿ ಆ ಹೆಸರೇ ಇಲ್ಲ.

"ಬಸ್ಸಿನ ಡ್ರೈವರ್" ಎಂದಳು.

ನಫೀಸಾ, ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಇನ್ನು ಅದನ್ನು ತಿದ್ದುವ ಹಕ್ಕು ನನಗಿಲ್ಲ. "ಬಸರಾದಿಂದ ನಮ್ಮನ್ನು ಜೋರ್ಡಾನ್ ಗಡಿಗೆ ತಂದ ಬಸ್ಸು ಕಾಕ. ಡ್ರೈವರ್ ಇರಾಕಿನವನು, ನಿಮ್ಮಷ್ಟು ವಯಸ್ಸು. ಇವರು ಸೀಟಿನಲ್ಲೇ ಹೋದರು. ನನ್ನ ಹೆಗಲಿಗೆ ಒರಗಿಕೊಂಡಿದ್ದರು, ನಿದ್ದೆ ಎಂದುಕೊಂಡೆ. ಗೊತ್ತಾದಾಗ ಬಸ್ಸಿನವರೆಲ್ಲ, ನಿಲ್ಲಿಸಬೇಡಿ, ಗಡಿ ಮುಚ್ಚುತ್ತದೆ, ಹೆಣವನ್ನು ಇಲ್ಲೇ ಇಳಿಸಿ ಹೋಗುವ ಎಂದರು. ನಮ್ಮವರೇ, ನಮ್ಮ ಊರಿನ ಕಡೆಯವರೇ. ಅವರಿಗೂ ಮಕ್ಕಳಿದ್ದರಲ್ಲ, ಹೆದರಿಕೆ. ಡ್ರೈವರ್ ಬಸ್ಸು ನಿಲ್ಲಿಸಿದ. ಇಳಿಸುವುದಾದರೆ ಸರಿಯಾಗಿ ಇಳಿಸುತ್ತೇನೆ, ಇವನು ನನ್ನ ಪ್ರಯಾಣಿಕ ಎಂದ. ನೀರಿರಲಿಲ್ಲ. ಮೀಯಿಸುವ ಬದಲು ಮಣ್ಣಿನಲ್ಲೇ ತಯಮ್ಮುಮ್ ಮಾಡಿಸಿ ಸಾಕು ಎಂದರು. ಅವನು ಬಸ್ಸಿನ ರೇಡಿಯೇಟರಿಗೆ ಇಟ್ಟುಕೊಂಡ ನೀರಿನ ಕ್ಯಾನು ತೆಗೆದು ಇವರನ್ನು ಮೀಯಿಸಿದ. ತನ್ನ ತಲೆಯ ಬಟ್ಟೆ ಬಿಚ್ಚಿ ಹೊದಿಸಿದ. ಗುಂಡಿ ತೋಡಿದ. ತಾನೇ ಇಮಾಮ್ ಆಗಿ ಮಯ್ಯತ್ ನಮಾಝ್ ಮಾಡಿಸಿದ. ಆಮೇಲೆ ಬಸ್ಸು ಕಾದು ಕಾದು ನಿಲ್ಲುತ್ತಿತ್ತು, ಹಾಕಲು ನೀರಿಲ್ಲವಲ್ಲ. ಎಲ್ಲರೂ ಅವನನ್ನು ಬೈದರು. ಅವನು ಇಂಜಿನ್ ತಣಿಯುವವರೆಗೆ ರೋಡಿನ ಬದಿಯಲ್ಲಿ ಕೂತು ಕುರ್‌ಆನಿನ ಯಾಸೀನ್ ಓದುತ್ತಿದ್ದ. ಅವನ ಇಬ್ಬರು ಮಕ್ಕಳು ಸೈನ್ಯದಲ್ಲಿದ್ದರಂತೆ. ಈಗ ಇದ್ದಾರೋ ಇಲ್ಲವೋ."

ನನಗೆ ಸುಮ್ಮನಿರಲು ಆಗಲಿಲ್ಲ. ನನ್ನ ಬಾಯಿ ನಿನಗೆ ಗೊತ್ತಲ್ಲ. "ನೋಡು, ಇರಾಕಿನವರು ಎಂದರೆ ಹಾಗೆ! ಅಂಥವರ ನಾಯಕನ ಹೆಸರನ್ನೇ ಅಲ್ಲವಾ ನಾನಿಟ್ಟದ್ದು?" ಎಂದೆ.

ಪರದೆ ಸರಿಯಿತು. ನಮ್ಮ ಬೀಫಾತು, ಖತೀಬರು ಕೂತದ್ದನ್ನೂ ನೋಡದೆ, ಮಗುವನ್ನು ಎತ್ತಿಕೊಂಡು ಹೊರಗೆ ಬಂದು ನಿಂತಳು. "ಆ ಬಸ್ಸಿನ ಮುಂದುಗಡೆ ಆ ನಾಯಕನ ದೊಡ್ಡ ಫೋಟೋ ಇತ್ತು ಕಾಕ. ಹೂವು ಬೇರೆ. ಗುಂಡಿ ತೋಡಿದ್ದು ಫೋಟೋ ಅಲ್ಲ" ಎಂದಳು.

ನನ್ನ ಹೋಟೆಲಿನ ಗೋಡೆ ಕಣ್ಣ ಮುಂದೆ ಬಂತು. ಖತೀಬರು ಕಣ್ಣು ಒರೆಸಿಕೊಂಡು, "ಮೊಯ್ದಿನ್ ಕುಂಞಿ, ಮಗು ಕೊಡಿ" ಎಂದರು. ನಾನು ಕೊಡಲಿಲ್ಲ. ಬೀಫಾತುವಿನ ಕೈಯಿಂದ ನಾನೇ ಎತ್ತಿಕೊಂಡು, ನಾನೇ ಮಗುವಿನ ಕಿವಿಗೆ ಬಾಯಿಟ್ಟು ಹೇಳಿದೆ: ಜಾಸಿಮ್. ಈ ಸಲ ಅವನು ಒದೆಯಲಿಲ್ಲ. ನನ್ನ ಮೂಗು ಹಿಡಿದುಕೊಂಡ.

ನಿನ್ನೆ ಪಂಚಾಯತ್ ಆಫೀಸಿನಲ್ಲಿ ಬರೆಸಿದ್ದಾಯಿತು. ಹೋಟೆಲಿನಲ್ಲಿ ಹುಡುಗರು "ಏನು ಮೊಯ್ದಿನಾಕ, ಪಾರ್ಟಿ ಬದಲಿಸಿದಿರಾ?" ಎಂದು ಕೀಟಲೆ ಮಾಡಿದರು. "ಕೂತುಕೊಳ್ಳಿ, ಹೇಳುತ್ತೇನೆ" ಎಂದು ಎಲ್ಲ ಹೇಳಿದೆ. ಹೇಳಿ ಮುಗಿಸುವಾಗ ಯಾರ ಗ್ಲಾಸಿನಲ್ಲೂ ಬಿಸಿ ಚಹಾ ಉಳಿದಿರಲಿಲ್ಲ. ಬೆಂಚಿನ ತುದಿಯಲ್ಲಿ ಭೈರಪ್ಪನವರೂ ಇದ್ದರು. ಆ ಮೆರವಣಿಗೆಯ ದಿನ ಸಂದಿಯಿಂದ ನಾನು ಕಂಡವರಲ್ಲಿ ಅವರೂ ಒಬ್ಬರು. ಹೋಗುವಾಗ ಗಲ್ಲಾದ ಹತ್ತಿರ ನಿಂತು, "ಮೊಯ್ದಿನ್, ಆವತ್ತು ನೀನು ಹಲಗೆ ಹಾಕಿದ್ದು ನಾನು ನೋಡಿದ್ದೆ ಮಾರಾಯ" ಎಂದರು. ನಾನು ಅವರ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ.

ನೀನು ಗೆದ್ದೆ ಎಂದು ಜಂಬ ಮಾಡಬೇಡ. ಗೆದ್ದವಳು ಬೇರೆ.

ನಿನ್ನ ಕಾಕ
ಮೊಯ್ದಿನ್ ಕುಂಞಿ


ಅಲ್ ಥುಮಾಮಾ, ದೋಹಾ
೨೧ ಜೂನ್ ೧೯೯೧, ಶುಕ್ರವಾರ

ನನ್ನ ಬೀಫಾತುವಿಗೆ, ನಿನ್ನ ಅಕ್ಕ ನಫೀಸಾ ದಾದ ಬರೆಯುವುದು.

ಈ ಕಾಗದ ಕಾಕನಿಗೆ ಅಲ್ಲ, ನಿನಗೆ. ಲಕೋಟೆಯ ಮೇಲೆ ನಿನ್ನ ಹೆಸರೇ ಬರೆದಿದ್ದೇನೆ. ಅವರು ಒಡೆದಿದ್ದರೆ ನನಗೆ ತಿಳಿಸು, ಬೇರೆ ಕಾಗದ ಬರೆದು ಬೈಯುತ್ತೇನೆ.

ಅಸೀಫಾ, ಮಗು ಮೊನ್ನೆ ಬಂದಿಳಿದರು, ಅಲ್‌ಹಮ್ದುಲಿಲ್ಲಾಹ್. ಝುಬೈರ್ ಕಂಪೆನಿಯಿಂದ ರಜೆ ಹಾಕಿ ಬೆಳಗ್ಗಿನಿಂದಲೇ ಇಸ್ತ್ರಿ ಶರ್ಟು ತೊಟ್ಟು ಕೂತಿದ್ದ. ಪಾಸ್‌ಪೋರ್ಟ್ ನೋಡುವವನು ಒಂದು ಹಾಳೆ ತಿರುಗಿಸಿದ, "ಜಾಸಿಮ್?" ಎಂದ, ಮಗುವಿನ ಗಲ್ಲ ಹಿಂಡಿ ಠಪ್ಪೆಂದು ಸೀಲು ಹೊಡೆದ. ಅಷ್ಟೇ! "ಯಲ್ಲಾ, ಯಲ್ಲಾ" ಎಂದು ಕೈ ಬೀಸಿದನಂತೆ. ಎಷ್ಟು ತಿಂಗಳು ಹೆದರಿ ನೀರಾಗಿದ್ದ ನನ್ನ ಮಗ ಹೊರಗೆ ಬಂದು ಮಗುವನ್ನು ತಲೆಯ ಮೇಲೆ ಎತ್ತಿ, ಅಷ್ಟು ಜನರ ನಡುವೆ, ಹುಚ್ಚನ ಹಾಗೆ ನಕ್ಕ. ಇವರು, "ಇಳಿಸು ಮಾರಾಯ, ಫ್ಯಾನಿಗೆ ತಾಗೀತು" ಎಂದರು. ಅಲ್ಲಿ ಫ್ಯಾನೇ ಇರಲಿಲ್ಲ.

ಜಾಸಿಮ್ ಎಂಬುದು ಇಲ್ಲಿಯೂ ಮನೆಮನೆಯ ಹೆಸರು. ಅದು ನಿನಗೆ ಗೊತ್ತಿರಲಿಕ್ಕಿಲ್ಲ. ನೋಡಲು ಬಂದ ಕತರಿ ಹೆಂಗಸರೆಲ್ಲ "ನಮ್ಮ ಹೆಸರು, ನಮ್ಮ ಹೆಸರು" ಎಂದು ಖುಷಿಪಟ್ಟರು. ಉಮ್ಮು ರಾಶಿದ್ ಅಂತೂ ಖರ್ಜೂರದ ದೊಡ್ಡ ತಟ್ಟೆ ಹೊತ್ತು ಬಂದರು. "ನಮ್ಮ ಮೇಲೆ ಅಷ್ಟು ಪ್ರೀತಿಯಾ ನಿಮಗೆ? ಇಲ್ಲಿಯ ಯಾರ ಹೆಸರಿಟ್ಟದ್ದು?" ಎಂದು ಕೇಳಿದರು.

ಸುಮ್ಮನೆ ನಕ್ಕಿದ್ದರೆ ಆಗುತ್ತಿತ್ತು. ಇವರು ಒಳಗಿನಿಂದ ಕೆಮ್ಮಿ ಸೂಚನೆ ಕೊಟ್ಟರು. ರಾಶಿದ್ ಇನ್ನೂ ಕೋಲು ಊರಿ ನಡೆಯುವುದು, ಅವನ ಕಾಲಿನಿಂದ ತೆಗೆದ ಗುಂಡು ಇರಾಕಿನದು. ಆದರೆ ಒಮ್ಮೆ ಆ ಹೆಂಗಸಿಗೆ ಸುಳ್ಳು ಹೇಳಿದ್ದೆ, ಅದೂ ಬೇರೊಬ್ಬನ ಹೆಸರಿಗಾಗಿ. ನಿನ್ನ ಡ್ರೈವರನನ್ನೂ ಅಡಗಿಸಿಡಲೇ? ನನ್ನ ಅರ್ಧಂಬರ್ಧ ಅರಬಿಯಲ್ಲಿ ಹೇಳಿದೆ: "ಇಲ್ಲಿಯವರದ್ದಲ್ಲ. ಇರಾಕಿನವನ ಹೆಸರು."

ಅವರ ಕೈಯಲ್ಲಿದ್ದ ಖರ್ಜೂರ ಕೈಯಲ್ಲೇ ಉಳಿಯಿತು. ನಾನು ನಿಲ್ಲಿಸಲಿಲ್ಲ. ನೀರಿನ ಕ್ಯಾನು ಹೇಳಿದೆ, ತಲೆಯ ಬಟ್ಟೆ ಹೇಳಿದೆ, ಶಬ್ದ ಸಿಗದ ಕಡೆ ಎದ್ದು ನಿಂತು ಗುಂಡಿ ತೋಡುವುದನ್ನು ಮಾಡಿ ತೋರಿಸಿದೆ. ಐವತ್ತರ ಹೆಂಗಸು ನಡುಮನೆಯಲ್ಲಿ ಮಣ್ಣು ಅಗೆಯುವುದನ್ನು ನೀನು ನೋಡಿದ್ದರೆ ನಗುತ್ತಿದ್ದೆ. ಅವರು ಯಾರೂ ನಗಲಿಲ್ಲ. "ಅವನಿಗೆ ಇಬ್ಬರು ಮಕ್ಕಳು, ಸೈನ್ಯದಲ್ಲಿ" ಎಂದು ಹೇಳುವಾಗ ಉಮ್ಮು ರಾಶಿದ್ ಮುಖ ಮುಚ್ಚಿಕೊಂಡರು.

ಆಮೇಲೆ ಎದ್ದು ಮನೆಗೆ ಹೋದರು. ಮುಗಿಯಿತು, ಇನ್ನು ಈ ಹೆಂಗಸು ನನ್ನ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತಟ್ಟಿದ ಸದ್ದು. ಮಗನನ್ನು ಕರೆದುಕೊಂಡು ಬಂದಿದ್ದರು. ರಾಶಿದ್ ಹೊರಗಿನ ಚಾವಡಿಯಲ್ಲಿ ಇವರ ಪಕ್ಕ ಕೂತು, "ಚಾಚಾ, ಆ ಜಾಸಿಮ್‌ನ ಕಥೆ ನನಗೂ ಹೇಳಿ" ಎಂದ. ಇವರು ಹೇಳಿದರು. ಅವನು ಕೋಲನ್ನು ಗೋಡೆಗೆ ಒರಗಿಸಿ, "ಮಗುವನ್ನು ಕೊಡಿ" ಎಂದು ಕೈ ಚಾಚಿದ.

ಇವತ್ತು ಜುಮಾ. ಸಂಜೆಯ ಅಸರ್ ನಮಾಝ್ ಆದ ಮೇಲೆ ಉಮ್ಮು ರಾಶಿದ್ ಮನೆಯಲ್ಲಿ ಹೆಂಗಸರೆಲ್ಲ ಕುರ್‌ಆನ್ ಓದಲು ಸೇರಿದ್ದೆವು. ಓದು ಮುಗಿದು ದುವಾ ಮಾಡುವಾಗ ಅವರು ತಮ್ಮ ಮಗನಿಗಾಗಿ ಬೇಡಿದರು, ನಮ್ಮ ಮುಸ್ತಫಾನಿಗಾಗಿ ಬೇಡಿದರು. ಮತ್ತೆ ಇಡೀ ಕೋಣೆಗೆ ಕೇಳುವ ಹಾಗೆ, "ಯಾ ಅಲ್ಲಾಹ್, ಇರಾಕಿನ ಬಸ್ಸಿನ ಡ್ರೈವರ್ ಜಾಸಿಮ್ ಎಲ್ಲಿದ್ದರೂ ಅವನನ್ನು ಕಾಪಾಡು, ಅವನ ಇಬ್ಬರು ಮಕ್ಕಳನ್ನು ಅವನ ಮನೆಗೆ ಮುಟ್ಟಿಸು" ಎಂದರು.

ಅಷ್ಟೂ ಹೆಂಗಸರು ಒಂದೇ ಸ್ವರದಲ್ಲಿ ಆಮೀನ್ ಎಂದರು ಬೀಫಾತು. ಆ ಹೊತ್ತಿಗೆ ಯಾವುದೋ ವಿಮಾನ ಮಾಡಿನ ಮೇಲೆಯೇ ಹೋಯಿತು, ನಮ್ಮ ಆಮೀನ್ ಅದಕ್ಕಿಂತ ಜೋರಾಗಿತ್ತು. ನನ್ನ ಮಡಿಲಲ್ಲಿದ್ದ ಮಗು ಬೆಚ್ಚಿ ಅಳುತ್ತದೆ ಎಂದು ಹಿಡಿದುಕೊಂಡೆ. ಅವನು ಅಳಲಿಲ್ಲ. ತನ್ನನ್ನು ಯಾರೋ ಕರೆದರು ಎಂದು ತಲೆ ಎತ್ತಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದ.

ನಿನ್ನ ದಾದ
ನಫೀಸಾ